ಮಲ್ಲಿಗೆಗೆ ಹೊದಿಸಿದ ಕೌದಿ

ಬಿಸಿಲು ಚೆನ್ನಾಗಿದೆಯೆಂದು ನಿನ್ನೆ ಟ್ರಂಕಿನಲ್ಲಿದ್ದ ಬಟ್ಟೆಗಳನ್ನೆಲ್ಲ ಅಂಗಳದಲ್ಲಿ ಹರವಿದ್ದೆ. ತಳದಲ್ಲಿದ್ದ ಹಳೆಯ ಕೌದಿಯನ್ನು ಹಗ್ಗದ ಮೇಲೆ ಹಾಕಿದಾಗ ಅದರ ನಡುವಿನ ತೂತಿನಿಂದ ಬಿಸಿಲು ತೂರಿ ನೆಲದ ಮೇಲೆ ರೊಟ್ಟಿಯಷ್ಟಗಲ ಬಿತ್ತು. ಪಕ್ಕದ ಮನೆಯ ಸೊಸೆ ಗೋಡೆಯ ಮೇಲಿಂದ ಇಣುಕಿ, ಇಲಿ ಕಡಿದವೇ ಎಂದು ಕೇಳಿದಳು. ಇಲಿಯಲ್ಲ ಎಂದೆ. ಹಾಗಾದರೆ ನುಸಿಯೇ? ನುಸಿಯೂ ಅಲ್ಲ. ಒಂದು ಮಲ್ಲಿಗೆ ಗಿಡಕ್ಕೆ ಬಾಣಂತನ ಮಾಡುವಾಗ ಬಿದ್ದ ತೂತು ಅದು ಎಂದಿದ್ದರೆ, ಮುದುಕಿಗೆ ಅರಳುಮರಳು ಶುರುವಾಯಿತೆಂದು ಸಂಜೆಯೊಳಗೆ ಓಣಿಯ ತುಂಬ ಸುದ್ದಿಯಾಗುತ್ತಿತ್ತು. ಕೆಂಡ ಬಿದ್ದಿತ್ತು ಎಂದಷ್ಟೇ ಹೇಳಿ ಸುಮ್ಮನಾದೆ. ಅದು ಅರ್ಧ ನಿಜ. ಉಳಿದರ್ಧವನ್ನು ನಿಮಗೆ ಹೇಳುತ್ತೇನೆ. ನೀವು ನಕ್ಕರೂ ನನಗೆ ಕಾಣುವುದಿಲ್ಲ.

ಮೊದಲು ಕೌದಿಯ ಮರ್ಯಾದೆ ಹೇಳಬೇಕು. ಈಗಿನವರು ಅಂಗಡಿಯಿಂದ ತಂದ ಉಣ್ಣೆಯ ರಗ್ಗು ಹೊದೆಯುತ್ತಾರೆ. ಅದಕ್ಕೆ ಬೆಚ್ಚಗೆ ಮಾಡುವುದು ಗೊತ್ತು, ಮಾತಾಡುವುದು ಗೊತ್ತಿಲ್ಲ. ಕೌದಿ ಹಾಗಲ್ಲ. ಇದರ ಒಂದು ಮೂಲೆಯಲ್ಲಿ ಅವ್ವನ ಮದುವೆಯ ಸೀರೆಯ ಸೆರಗಿದೆ. ಇನ್ನೊಂದು ಮೂಲೆಯಲ್ಲಿ ಅಪ್ಪನ ಹಳೆಯ ರುಮಾಲಿದೆ. ನಡುವೆ ಅಕ್ಕ ಚಿಕ್ಕಂದಿನಲ್ಲಿ ಉಟ್ಟ ಪರಕಾರದ, ಎಂದರೆ ಲಂಗದ, ತುಂಡು, ಅದರ ಪಕ್ಕ ನನ್ನದು. ನನ್ನದು ಹೆಚ್ಚು ಹರಿದದ್ದರಿಂದ ತುಂಡು ಸಣ್ಣದು. ಹೊದ್ದು ಮಲಗಿದರೆ ಮನೆಮಂದಿಯೆಲ್ಲ ಮೈಮೇಲೆ ಕೈ ಹಾಕಿದ ಹಾಗೆ ಇರುತ್ತಿತ್ತು. ನಾನು ಹೇಳುವ ವರ್ಷ ಎಲ್ಲೋ ದೂರದಲ್ಲಿ ದೊಡ್ಡ ಲಡಾಯಿ ನಡೆದಿತ್ತಂತೆ. ಲಡಾಯಿ ನಮ್ಮ ಯಲಬುರ್ಗಾಕ್ಕೆ ಬರಲಿಲ್ಲ, ಆದರೆ ಅಂಗಡಿಯಲ್ಲಿದ್ದ ಬಟ್ಟೆಯೆಲ್ಲ ಅದರ ಹಿಂದೆ ಹೊರಟುಹೋಯಿತು. ಹಳೆಯ ಸೀರೆಯನ್ನೇ ಹೊಲಿದು ಹೊಲಿದು ಉಡುತ್ತಿದ್ದ ಕಾಲದಲ್ಲಿ ಕೌದಿಗೆ ತುಂಡು ಎಲ್ಲಿಂದ ಬರಬೇಕು? ಹೀಗಾಗಿ ಇದ್ದ ಕೌದಿಗೆ ಮನೆಯಲ್ಲಿ ಯಜಮಾನನಷ್ಟೇ ಕಿಮ್ಮತ್ತಿತ್ತು. ಒಂದೊಂದು ಸಲ ಯಜಮಾನನಿಗಿಂತ ಹೆಚ್ಚಾಗಿಯೇ ಇತ್ತು. ಮುಂದೆ ನಿಮಗೇ ತಿಳಿಯುತ್ತದೆ.

ಅವ್ವ ಆನೆಗೊಂದಿಯ ಹೆಣ್ಣುಮಗಳು. ಹೊಳೆ, ಬಂಡೆ, ಬಾಳೆತೋಟಗಳ ನಡುವೆ ಹುಟ್ಟಿ ಬೆಳೆದವಳು. ಲಗ್ನವಾಗಿ ಯಲಬುರ್ಗಾದ ಬಯಲಿಗೆ ಬಂದಾಗ ತವರಿನಿಂದ ತಂದ ಸಾಮಾನಿನಲ್ಲಿ ಅವಳು ತಾನೇ ಮಡಿಲಲ್ಲಿ ಇಟ್ಟುಕೊಂಡು ತಂದದ್ದು ಒಂದೇ, ಹಸಿ ಬಾಳೆಪಟ್ಟೆಯಲ್ಲಿ ಸುತ್ತಿದ ಒಂದು ಮಲ್ಲಿಗೆಯ ಬೇರು. ಅಪ್ಪ ಬಂಡಿ ಹೊಡೆಯುವವನು. ಊರಿನ ಹತ್ತಿ, ಶೇಂಗಾ ಹೇರಿಕೊಂಡು ಕೊಪ್ಪಳದ ರೈಲು ಠಾಣೆಗೆ ಮುಟ್ಟಿಸುತ್ತಿದ್ದ. ಮದುಮಗಳು ದಾರಿಯುದ್ದಕ್ಕೂ ಪಕ್ಕದಲ್ಲಿದ್ದ ಗಂಡನಿಗೆ ಒಂದು ಗುಟುಕು ನೀರು ಕೊಡದೆ ತಂಬಿಗೆಯ ನೀರನ್ನೆಲ್ಲ ಆ ಬೇರಿಗೇ ಚಿಮುಕಿಸುತ್ತ ಬಂದಳೆಂದು ಅವನು ಸಾಯುವ ತನಕ ದೂರುತ್ತಿದ್ದ.

ನಮ್ಮದು ಎರೆಯ ನೆಲ. ಜೋಳಕ್ಕೆ, ಕಡಲೆಗೆ, ಕುಸುಬೆಗೆ ಹೇಳಿ ಮಾಡಿಸಿದ್ದು. ಅಡ್ಡ ಒಂದು ಗುಡ್ಡವಿಲ್ಲ, ಮರೆಗೆ ಒಂದು ತೋಪಿಲ್ಲ. ಮಾಗಿಯಲ್ಲಿ ಬೀಸುವ ಗಾಳಿಗೆ ಯಾರ ಮನೆ ಎಲ್ಲಿದೆ ಎಂಬುದೆಲ್ಲ ಗೊತ್ತು. ಊರಿಗೆ ಊರೇ ಆ ಚಳಿಯನ್ನು ಬೇಡಿಕೊಳ್ಳುತ್ತಿತ್ತು, ಏಕೆಂದರೆ ಹಿಂಗಾರಿ ಜೋಳ ತೆನೆ ಕಟ್ಟುವುದು ಚಳಿ ಕುಡಿದು. ಎರಡು ದಿನ ಚಳಿ ಕಡಿಮೆಯಾದರೆ ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಖ ಸಪ್ಪಗಾಗುತ್ತಿತ್ತು. ಇಡೀ ಊರಿನಲ್ಲಿ ಚಳಿ ಬೇಡ ಎಂದು ದೇವರಿಗೆ ಕೈಮುಗಿಯುತ್ತಿದ್ದವಳು ಅವ್ವ ಒಬ್ಬಳೇ. ಊರಿನವರ ಪುಣ್ಯ, ದೇವರು ಬಹುಮತಕ್ಕೆ ಕಿವಿಗೊಟ್ಟ.

ಅವ್ವ ಹಾಗೆ ಬೇಡುತ್ತಿದ್ದದ್ದು ಮಲ್ಲಿಗೆಗೆ ಚಳಿ ಆಗದೆಂದು. ಹೊಳೆಯ ದಂಡೆಯ ಗಿಡ ನಮ್ಮ ಹಿತ್ತಿಲಲ್ಲಿ ಹೇಗೋ ಬದುಕಿತ್ತು. ಆದರೆ ಕಾರ್ತಿಕ ಕಳೆಯಿತೆಂದರೆ ಎಲೆ ಹಳದಿಯಾಗಿ, ಕಡ್ಡಿ ಒಣಗಿ, ಜ್ವರದಿಂದ ಎದ್ದವಳ ಹಾಗೆ ಕಾಣುತ್ತಿತ್ತು. ಯುಗಾದಿ ಕಳೆದು ಬಿಸಿಲು ಬಲಿತ ಮೇಲೆಯೇ ಅದಕ್ಕೆ ಮತ್ತೆ ಜೀವ. ಪ್ರತಿ ಮಾಗಿಗೆ ಇದು ಸತ್ತಿತು ಎಂದು ಅಪ್ಪ ಹೇಳುವುದು, ಪ್ರತಿ ವೈಶಾಖದಲ್ಲಿ ಅದು ಹೂಬಿಟ್ಟು ಅವನ ಬಾಯಿ ಮುಚ್ಚಿಸುವುದು, ಹೀಗೇ ವರುಷಗಳು ಹೋಗಿದ್ದವು. ಗಿಡಗಳ ಬಗ್ಗೆ ನಾನು ಇಷ್ಟು ಮಾತಾಡುವುದನ್ನು ಕೇಳಿ ನನಗೇನೋ ಕೈಗುಣವಿದೆ ಎಂದುಕೊಳ್ಳಬೇಡಿ. ನಾನು ನೆಟ್ಟ ಗುಲಾಬಿ ವಾರದಲ್ಲಿ ಕೈಲಾಸ ಸೇರಿದೆ. ಕಳ್ಳಿಯ ಗಿಡವನ್ನು ಒಣಗಿಸಿದ ಕೀರ್ತಿಯೂ ನನ್ನದೇ. ನನ್ನ ಅಂಗಳದಲ್ಲಿ ತಾನೇ ಹುಟ್ಟಿ ತಾನೇ ಬೆಳೆದ ಒಂದು ತುಂಬೆ ಗಿಡವಿದೆ, ಅದರ ಆಯುಷ್ಯ ಗಟ್ಟಿಯಾಗಿರಲೆಂದು ನಾನು ಅದನ್ನು ಮುಟ್ಟುವುದೇ ಇಲ್ಲ.

ಇನ್ನು ಅಕ್ಕನ ಮಾತು. ಹೊಳೆಯ ಹೆಸರನ್ನೇ ಅವ್ವ ಅವಳಿಗೆ ಇಟ್ಟಿದ್ದಳು, ತುಂಗವ್ವ. ನನಗಿಂತ ಬಹಳ ದೊಡ್ಡವಳು. ಅವಳನ್ನು ಅಳವಂಡಿಗೆ ಕೊಟ್ಟಿದ್ದರು. ಮೊದಲ ಬಸಿರಿನಲ್ಲಿ ಅವಳ ಕುಬಸ ಜೋರಾಗಿಯೇ ಆಗಿತ್ತು. ಕುಬಸವೆಂದರೆ ಗೊತ್ತಲ್ಲ, ಏಳರಲ್ಲೋ ಒಂಬತ್ತರಲ್ಲೋ ತವರಿನವರು ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಹೂ ಮುಡಿಸುವ ಶಾಸ್ತ್ರ. ಬೇರೆ ಕಡೆ ಸೀಮಂತ ಎನ್ನುತ್ತಾರೆ. ಆಗಲೂ ಚಳಿಗಾಲವೇ ಇತ್ತು, ಹಿತ್ತಿಲ ಗಿಡದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಅಪ್ಪ ಗಂಗಾವತಿಯ ಕಡೆಯಿಂದ ಒದ್ದೆ ಅರಿವೆಯಲ್ಲಿ ಕಟ್ಟಿಕೊಂಡು ಬಂದ ಹೂವು ಬಂಡಿಯ ಕುಲುಕಾಟಕ್ಕೆ ಕಂದಿಹೋಗಿತ್ತು. ಅದನ್ನೇ ಮುಡಿಸಿದರು. ತಿಂಗಳು ತುಂಬಿ ಕೂಸು ಹುಟ್ಟಿತು, ಅಳಲಿಲ್ಲ. ಅಕ್ಕನೂ ಅಳಲಿಲ್ಲ. ಎಲ್ಲರೂ ಅವಳ ಸುತ್ತ ಕುಳಿತು ಅತ್ತರು, ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅನಂತರ ಎದ್ದು, ತಲೆ ಬಾಚಿಕೊಂಡು, ಅಳವಂಡಿಗೆ ಹೋಗಿ ಕೆಲಸಕ್ಕೆ ಹತ್ತಿದಳು. ತವರಿನ ಅಂಗಳದ ಹೂವು ಮುಡಿಯದೆ ಕಂದಿದ ಹೂವು ಮುಡಿದದ್ದರಿಂದಲೇ ಹೀಗಾಯಿತೆಂದು ಅವ್ವ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಮನಸ್ಸಿನಲ್ಲೇ ಎಂದರೆ, ಓಣಿಯಲ್ಲಿ ಎಲ್ಲರಿಗೂ ಹೇಳಿದ್ದಳು ಎಂದರ್ಥ.

ಆ ವರ್ಷ ಅಕ್ಕ ಮತ್ತೆ ಬಸುರಿ. ಆರು ತಿಂಗಳು ತುಂಬಿತ್ತು. ಎಳ್ಳ ಅಮಾವಾಸ್ಯೆಗೆ ಕರೆತಂದವಳನ್ನು ಅವ್ವ ತಿರುಗಿ ಕಳಿಸಲಿಲ್ಲ. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಮರುದಿನ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಕಡಲೆಯ ಎಳೆ ಸೊಪ್ಪು ಸೋಸುತ್ತಿದ್ದಾಗ ಅವ್ವ ಮೆಲ್ಲಗೆ ಕುಬಸದ ಮಾತು ತೆಗೆದಳು. ಮಡಿಲಿಗೆ ಕೂಸು ದಕ್ಕಲಿಲ್ಲವೆಂದ ಮೇಲೆ ಇದೂ ಚೊಚ್ಚಲೇ, ಆದ್ದರಿಂದ ಕುಬಸ ಮಾಡಲೇಬೇಕು ಎಂಬುದು ಅವಳ ವಾದ. ಅಕ್ಕ ಸೊಪ್ಪಿನಿಂದ ತಲೆ ಎತ್ತದೆ ಬೇಡ ಎಂದಳು. ಅವ್ವ ಬಿಡಲಿಲ್ಲ. ಹಸಿರು ಸೀರೆ ಸಿಗದಿದ್ದರೆ ತನ್ನ ಸೀರೆಗೇ ಬಣ್ಣ ಹಾಕಿಸುತ್ತೇನೆಂದಳು, ಹತ್ತು ಮಂದಿಯನ್ನು ಕರೆಯುವುದಿಲ್ಲ, ಓಣಿಯವರಷ್ಟೇ ಎಂದಳು. ಕೊನೆಗೆ ಅಕ್ಕ ಹಿತ್ತಿಲ ಬಾಗಿಲ ಕಡೆ ಕೈ ತೋರಿಸಿದಳು.

“ಆ ನಿನ್ನ ಮಲ್ಲಿಗಿ ಐತೆಲ್ಲ, ಅದು ಹೂ ಬಿಟ್ಟ ದಿನ ಮಾಡವ್ವ. ಅಲ್ಲೀತನಕ ಈ ಮಾತು ನನ್ನ ಮುಂದ ತಗೀಬ್ಯಾಡ.”

ಮಾಗಿಯಲ್ಲಿ ಮಲ್ಲಿಗೆ ಹೂಬಿಟ್ಟ ದಿನ ಎಂದರೆ ಕೋಣ ಈದ ದಿನ ಎಂದ ಹಾಗೆ. ಬೇಡ ಎಂಬುದನ್ನೇ ಅಕ್ಕ ಸ್ವಲ್ಪ ಸುತ್ತಿ ಹೇಳಿದ್ದಳು. ನನ್ನಂಥ ಸಣ್ಣವಳಿಗೂ ಅದು ತಿಳಿಯಿತು. ಆದರೆ ಅವ್ವ ಸೊಪ್ಪಿನ ಮೊರವನ್ನು ಕೆಳಗಿಟ್ಟು, “ಮಾತು ಅಂದ್ರ ಮಾತು?” ಎಂದು ಕೇಳಿದಳು. ಹೂಂ ಎಂದು ಅಕ್ಕ ನಕ್ಕಳು. ತವರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಂದಿನಿಂದ ನಮ್ಮ ಹಿತ್ತಿಲಲ್ಲಿ ಬಾಣಂತನ ಶುರುವಾಯಿತು. ಚಳಿಯಿಂದ ಒಂದು ಜೀವವನ್ನು ಕಾಯುವುದಕ್ಕೆ ಅವ್ವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಬಾಣಂತಿಯನ್ನು ಕಾಯುವ ದಾರಿ. ಅದನ್ನೇ ಗಿಡಕ್ಕೆ ಮಾಡಿದಳು. ಪಕ್ಕದ ಮನೆ ಪಿಂಜಾರರದು. ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು ಕೇಳಿಯೇ ನಮಗೆ ಬೆಳಗಾಗುತ್ತಿತ್ತು. ಆ ಮನೆಯ ಹುಸೇನಬಿ ಅವ್ವನ ಜೀವದ ಗೆಳತಿ. ಅವಳಿಂದ ಹಿಂಜಿ ಉಳಿದ ಕಸರು ಹತ್ತಿ ತಂದು, ಬಾಣಂತಿಯ ಕಿವಿಗೆ ಇಡುವಂತೆ, ಗಿಡದ ಬುಡಕ್ಕೆಲ್ಲ ಸುತ್ತಿದಳು. ಬೆಳಿಗ್ಗೆ ಬಿಸಿನೀರು ಹಾಕಿದಳು. ಸಂಜೆಗೆ ಲೋಬಾನ, ಅಜಿವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಹೊಟ್ಟೆ ಹಿಡಿಯಬಾರದೆಂದು ಬುಡಕ್ಕೆ ಇಂಗಿನ ನೀರು. ಆಮೇಲೆ ಸುತ್ತಲೂ ನಾಲ್ಕು ಕೋಲು ನೆಟ್ಟು, ನೆತ್ತಿಯಿಂದ ಪಾದದ ತನಕ ಈ ಕೌದಿಯನ್ನು ಹೊದಿಸಿ, ಗಾಳಿ ನುಸುಳದಂತೆ ಅಂಚಿನ ಮೇಲೆ ಕಲ್ಲು ಹೇರಿದಳು. ಗಿಡಕ್ಕೆ ಬಾಯಿಯೊಂದಿದ್ದಿದ್ದರೆ ಅಂಟಿನುಂಡೆಯನ್ನೂ ತಿನ್ನಿಸುತ್ತಿದ್ದಳು.

ಅಪ್ಪ ಇದನ್ನೆಲ್ಲ ಇಂಗು ತಿಂದ ಮಂಗನ ಹಾಗೆ ನೋಡುತ್ತ ನಿಂತಿದ್ದ. ಪಾಪ, ಆ ಕೌದಿ ಅವನದು. ತನಗೆ ಚಳಿಯಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ನೀವೇನು ಹೂ ಬಿಡುತ್ತೀರಾ ಎಂದು ಉತ್ತರ ಬಂತು. ಅವನು ಗೋಣಿಚೀಲ ಹೊದ್ದು, ಎತ್ತುಗಳ ಮಗ್ಗುಲಲ್ಲಿ ಮಲಗತೊಡಗಿದ. ಬೆಳಿಗ್ಗೆ ಎದ್ದು ಬಂದವನ ಮೈಯೆಲ್ಲ ಕಣಕಿಯ ರವದಿ, ಜೋಳದ ಮೇವಿನ ಒಣ ಸಿಪ್ಪೆ. ಒಂದು ದಿನ ಮಾತ್ರ ಗಿಡವನ್ನು ನೋಡಿ ನಿಜವಾಗಿಯೇ ಮರುಗಿದ. “ಉಸಿರಾಡಾಕರ ಬಿಡಲೇ ಅದನ್ನ,” ಎಂದ. ಅವ್ವ ಕೇಳಿಸಿಕೊಳ್ಳಲಿಲ್ಲ.

ಅಕ್ಕ ಇದರ ಸನಿಹಕ್ಕೂ ಬರುತ್ತಿರಲಿಲ್ಲ. ಹಿತ್ತಿಲಿಗೆ ಹೋದರೂ ಗಿಡಕ್ಕೆ ಬೆನ್ನು ಮಾಡಿ ಕೂಡುತ್ತಿದ್ದಳು. ಅವ್ವ ಹೊಗೆ ಹಾಕುವಾಗ ಒಳಗೆ ಎದ್ದು ಹೋಗುತ್ತಿದ್ದಳು. ಗಿಡ ಹೂ ಬಿಡದಿರಲೆಂದೇ ಅವಳು ಕಾಯುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ.

ಹತ್ತಿ, ಹೊಗೆ, ಕೌದಿ ಇವಿಷ್ಟೂ ಸಾಲದೆಂದು ಅವ್ವನಿಗೆ ಒಂದು ಸಂಜೆ ತೋರಿತು. ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಡುತ್ತಾರಲ್ಲ, ಅದೊಂದು ಉಳಿದಿತ್ತು. ಕುಳ್ಳಿನ, ಎಂದರೆ ಬೆರಣಿಯ, ಕೆಂಡ ತುಂಬಿ ಕೌದಿಯ ಒಳಗೆ, ಗಿಡದ ಪಕ್ಕ ಇಟ್ಟು ಒಲೆಯ ಕಡೆ ಬಂದಳು. ರೊಟ್ಟಿ ಬಡಿಯುವಷ್ಟರಲ್ಲಿ ಸುಟ್ಟ ವಾಸನೆ. ಗಾಳಿಗೆ ಕೌದಿ ಒಳಕ್ಕೆ ಬಾಗಿ ಕೆಂಡಕ್ಕೆ ತಾಗಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಡಿದು ಬಡಿದು ಆರಿಸಿದಳು. ಸುಟ್ಟದ್ದು ಸರಿಯಾಗಿ ನಡುವೆ, ಅಕ್ಕನ ಪರಕಾರದ ತುಂಡಿನ ಅಂಚಿಗೆ ಹೊಂದಿದ ಜಾಗ. ಕೌದಿ ಸುಟ್ಟದ್ದಕ್ಕೆ ಯಾರೂ ಮಾತಾಡಲಿಲ್ಲ. ಯಜಮಾನನಿಗೆ ಪೆಟ್ಟಾದಾಗ ಮನೆ ಹೇಗೆ ಸುಮ್ಮನಾಗುತ್ತದೆಯೋ ಹಾಗೆ.

ಅಗ್ಗಿಷ್ಟಿಗೆ ಬೇಡವೆಂದಾದ ಮೇಲೆ ಅಪ್ಪನೇ ಒಂದು ಉಪಾಯ ಹೇಳಿದ. ಮೂಡಣ ದಿಕ್ಕಿಗೆ ಜಾಲಿಮುಳ್ಳಿನ ಬೇಲಿ ಒತ್ತಾಗಿ ನಿಂತಿತ್ತು. ಅದನ್ನು ಒಂದು ಆಳಿನಷ್ಟು ತೆಗೆದರೆ ಮುಂಜಾನೆಯ ಎಳೆಬಿಸಿಲು ನೇರವಾಗಿ ಗಿಡಕ್ಕೆ ಬೀಳುತ್ತದೆ, ಕೆಂಡದ ಕೆಲಸ ಸೂರ್ಯನೇ ಮಾಡುತ್ತಾನೆ ಎಂದ. ಕೌದಿ ತನಗೆ ವಾಪಸು ಬಂದೀತು ಎಂಬ ಆಸೆಯೂ ಅದರಲ್ಲಿ ಇತ್ತು. ಅವ್ವ ಒಪ್ಪಿದಳು. ಬೇಲಿಯಲ್ಲಿ ಬಾಗಿಲಿನಂಥ ಸಂದಿಯಾಯಿತು. ಬಿಸಿಲು ಬರುವ ದಾರಿಯಲ್ಲಿ ಬಿಸಿಲೊಂದೇ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದೆವು.

ಸಂಕ್ರಾಂತಿಯ ಆಸುಪಾಸಿನ ದಿನ. ಜೋಳದ ತೆನೆ ಹಾಲುಗಾಳಾಗಿತ್ತು. ಸೀತನಿ ತಿನ್ನಲು ನಾವೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಶೇಂಗಾ ಹಿಂಡಿಯ ಜೊತೆ ಬಾಯಿಗೆ ಹಾಕಿಕೊಳ್ಳುವ ಆ ಸುಖದ ಬಗ್ಗೆ ಬರೆಯಲು ಕುಳಿತರೆ ಗಿಡದ ಕಥೆ ಇಲ್ಲೇ ನಿಲ್ಲುತ್ತದೆ. ಅಕ್ಕನೂ ಚೆನ್ನಾಗಿ ತಿಂದಳು. ಹಿಂತಿರುಗುವಾಗ ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಮನೆಯ ಮುಂದೆ ಬಂಡಿ ನಿಂತಿತು. ಅವ್ವ ಇಳಿದು ಹಿತ್ತಿಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ನಾವೂ ಹಿಂದೆ ಹೋದೆವು.

ಕೋಲುಗಳು ಬಿದ್ದಿದ್ದವು. ಕೌದಿ ನೆಲದ ಮೇಲೆ ಹಾಸಿತ್ತು. ಅದರ ಮೇಲೆ, ತನಗಾಗಿಯೇ ಹಾಸಿದ್ದಾರೆ ಎಂಬಂತೆ, ಹುಸೇನಬಿಯ ಆಡು ಮಲಗಿ ಮೆಲುಕು ಹಾಕುತ್ತಿತ್ತು. ಅದರ ಹೆಸರು ಶಹಜಾದಿ, ಗತ್ತೂ ಅದಕ್ಕೆ ತಕ್ಕ ಹಾಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಇದು ಮುಟ್ಟಿದ ಮೇಲೆ ಸೊಪ್ಪೇ ಉಳಿದಿರಲಿಲ್ಲ. ಎಲೆ, ಚಿಗುರು, ಎಳೆಯ ಕಡ್ಡಿ ಎಲ್ಲ ತಿಂದು, ಬುಡಕ್ಕೆ ಸುತ್ತಿದ ಹತ್ತಿಯನ್ನೂ ರುಚಿ ನೋಡಿತ್ತು. ನಿಂತದ್ದು ಒಂದು ಹಿಡಿ ಕಸಬರಿಗೆಯ ಕಡ್ಡಿ ಅಷ್ಟೇ.

ಅವ್ವ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಸದ್ದು ಬಂತು. ಅಕ್ಕ ನೆಲಕ್ಕೆ ಕುಸಿದು ಕುಳಿತಿದ್ದಳು. ಮೊದಲು ನನಗೆ ಅವಳಿಗೆ ಏನೋ ನೋವು ಬಂದಿತೆಂದು ಹೆದರಿಕೆಯಾಯಿತು. ಅಲ್ಲ, ಅವಳು ಅಳುತ್ತಿದ್ದಳು. ಕೂಸು ಹೋದಾಗ ಅಳದವಳು, ಗಂಡನ ಮನೆಗೆ ಹೊರಟಾಗಲೂ ಕಣ್ಣೊರೆಸಿಕೊಳ್ಳದವಳು, ಆ ಬೋಳು ಕಡ್ಡಿಗಳ ಮುಂದೆ ಕುಳಿತು ಎದೆ ಬಿರಿಯುವಂತೆ ಅತ್ತಳು. ಅವ್ವ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಬೇಡ ಎಂದವಳಿಗೆ ಇಷ್ಟೇಕೆ ದುಃಖ ಎಂದು ಕೇಳಿದಳು.

“ದಿನಾ ಮುಂಜಾನಿ ನೀವೆಲ್ಲ ಏಳೂಕಿಂತ ಮೊದಲ ನಾ ಬಂದು ನೋಡ್ತಿದ್ನೆವ್ವ,” ಎಂದಳು ಅಕ್ಕ. “ಕೌದಿ ಸರಿಸಿ ಒಂದೊಂದು ತುದಿ ನೋಡ್ತಿದ್ದೆ. ಇವತ್ತರ ಮೊಗ್ಗಿ ಬಂದಾವೇನು ಅಂತ.”

ಅಪ್ಪ ಬೇಲಿಯ ಸಂದಿಗೆ ಹೋಗಿ ಸುಮ್ಮನೆ ಮುಳ್ಳು ಸರಿಪಡಿಸತೊಡಗಿದ. ಅವನ ಕೈಗೆ ಮುಳ್ಳು ಚುಚ್ಚಿ ರಕ್ತ ಬರುತ್ತಿದ್ದರೂ ಅದರ ಕಡೆ ಅವನಿಗೆ ಗಮನವಿರಲಿಲ್ಲ. ಈಗ ನೆನೆದರೆ ನನಗೆ ಅನಿಸುತ್ತದೆ, ಆ ಮನೆಯಲ್ಲಿ ಆಸೆ ಎಂಬುದನ್ನು ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಟ್ಟುಕೊಂಡು ತಿರುಗುತ್ತಿದ್ದೆವು. ಅಂದು ಅದು ಹೊರಗೆ ಬಿತ್ತು.

ಸಂಜೆಯಾಗುವ ಮೊದಲೇ ಹುಸೇನಬಿ ಬಂದಳು. ಸೆರಗು ತಲೆಯ ಮೇಲೆ, ಕೈಯಲ್ಲಿ ಶಹಜಾದಿಯ ಹಗ್ಗ. ಯಾವ ಮುಖ ತೋರಿಸಲಿ ಎಂದು ಹಲುಬಿ, ಆಡನ್ನು ನಮ್ಮ ಗೂಟಕ್ಕೆ ಕಟ್ಟಲು ಬಂದಳು, ನಿಮ್ಮದೇ ಇನ್ನು ಇದು ಎಂದಳು. ಆಡು ತೆಗೆದುಕೊಂಡು ಏನು ಮಾಡಲಿ, ಅದರ ಹೊಟ್ಟೆಯಲ್ಲಿ ಹೋದ ಮಲ್ಲಿಗೆ ತಿರುಗಿ ಬರುತ್ತದೆಯೇ ಎಂದು ಅವ್ವ ಅಂದಳು. ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಪ್ಪತ್ತು ವರ್ಷದ ಗೆಳೆತನದಲ್ಲಿ ಆ ಬಾಗಿಲು ಹುಸೇನಬಿಗೆ ಮುಚ್ಚಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಗೋಡೆಯಾಚೆಯಿಂದ ಒಂದು ಬುಟ್ಟಿ ಈಚೆಗೆ ಬಂತು. ಅದರ ತುಂಬ ಆಡಿನ ಹಿಕ್ಕೆ. ಹಿಂದೆಯೇ ಹುಸೇನಬಿಯ ಧ್ವನಿ. “ನಮ್ಮ ಶಹಜಾದಿ ತಿಂದದ್ದು ತಿರುಗಿ ಕೊಡಾಕತ್ತಾಳವ್ವ. ತಗೋರಿ, ಬುಡಕ್ಕ ಹಾಕ್ರಿ.” ನಗಬೇಕೋ ಅಳಬೇಕೋ ತಿಳಿಯದೆ ನಾನು ಅಕ್ಕನ ಮುಖ ನೋಡಿದೆ. ಅಕ್ಕ ಬುಟ್ಟಿ ಇಸಿದುಕೊಂಡಳು. ಅಂದಿನಿಂದ ದಿನವೂ ಬುಟ್ಟಿ ಬರುತ್ತಿತ್ತು. ಅವ್ವ ಮಾತಾಡುತ್ತಿರಲಿಲ್ಲ, ಹಾಗೆಂದು ಬುಟ್ಟಿಯನ್ನು ಬೇಡ ಎನ್ನುತ್ತಲೂ ಇರಲಿಲ್ಲ.

ಗಿಡ ಈಗ ಅಕ್ಕನದಾಯಿತು. ಅವ್ವ ಹಳೆಯ ಚಾಳಿಯಂತೆ ಕೌದಿ ತಂದಳು. ಅಕ್ಕ ಕೈ ಅಡ್ಡ ಹಿಡಿದಳು. “ಇನ್ನ ಮುಚ್ಚಬ್ಯಾಡವ್ವ. ಇದ್ರ ಇರ್ತೈತಿ, ಹೋದ್ರ ಹೋಗ್ತೈತಿ. ಉಸಿರಾಡಲಿ.” ಬುಡದ ಹತ್ತಿ ಬಿಚ್ಚಿದಳು, ಮಣ್ಣು ಸಡಿಲಿಸಿ ಹಿಕ್ಕೆ ಬೆರೆಸಿದಳು, ಬಿಸಿನೀರು ಇಂಗಿನ ನೀರು ಎಲ್ಲ ನಿಲ್ಲಿಸಿದಳು. ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಬಂದು ಆ ಬೋಳು ಕಡ್ಡಿಗಳ ಮುಂದೆ ಬಿಸಿಲಿಗೆ ಕೂಡುತ್ತಿದ್ದಳು. ಕೌದಿ ಅಪ್ಪನಿಗೆ ವಾಪಸು ಬಂತು. ಅವನಿಗೋ ಅದರಲ್ಲಿ ನಿದ್ದೆ ಬರಲಿಲ್ಲವಂತೆ, ತೂತಿನಿಂದ ಗಾಳಿ ಬಂದು ಎದೆಗೇ ಹೊಡೆಯುತ್ತದೆ, ಎತ್ತುಗಳ ಮಗ್ಗುಲೇ ಸುಖ ಎಂದು ಗೊಣಗಿದ.

ಏಳನೆಯ ತಿಂಗಳು ಬಂತು, ಹೋಗುತ್ತಲೂ ಇತ್ತು. ಅಳವಂಡಿಯಿಂದ ಅಕ್ಕನ ಗಂಡ, ನಮ್ಮ ಮಾವ, ಬಂದು, ಕುಬಸದ ದಿನ ಗೊತ್ತಾಯಿತೇ ಎಂದು ಕೇಳಿದ. ಗಿಡ ಹೂ ಬಿಟ್ಟರೆ ಒಂಬತ್ತರಲ್ಲಿ ಎಂದು ಅಕ್ಕನೇ ಹೇಳಿದಳು. ಮಾವ ಹಿತ್ತಿಲಿಗೆ ಹೋಗಿ ಆ ಕಡ್ಡಿಗಳನ್ನು ನೋಡಿ ಬಂದ. ಒಳ್ಳೆಯ ಮನುಷ್ಯ. ತಂದಿದ್ದ ಬೆಲ್ಲದ ಪೆಂಟೆಯನ್ನು ಅವ್ವನ ಕೈಗೆ ಕೊಟ್ಟು ಹೋದ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತಿದೆಯಲ್ಲ, ಆ ವರ್ಷ ಅದು ಹೇಳಿದ ಮಾತಿಗೆ ತಪ್ಪದೆ ಓಡಿತು. ಜಾಗರಣೆ ಮುಗಿಸಿ ಎದ್ದ ಒಂದೆರಡು ದಿನಕ್ಕೆ ಕಡ್ಡಿಯ ಗೆಣ್ಣುಗಳಲ್ಲಿ ಕೆಂಪು ಚುಕ್ಕೆಗಳು ಕಂಡವು. ಅವು ಎಲೆಯಾದವು. ನಾವು ಅಷ್ಟಕ್ಕೇ ಸಂತೋಷಪಟ್ಟೆವು, ಗಿಡವಂತೂ ಬದುಕಿತು ಎಂದು. ಎಲ್ಲಿ ಒಂದು ಕುಡಿ ಇತ್ತೋ ಅಲ್ಲಿ ಈಗ ಎರಡು ಮೂರು ಕುಡಿ. ಹಿಂದೆಂದೂ ಆ ಗಿಡ ಅಷ್ಟು ಒತ್ತಾಗಿ ಚಿಗುರಿರಲಿಲ್ಲ. ಯುಗಾದಿಗೆ ಇನ್ನೂ ಹೊತ್ತಿತ್ತು. ಹೋಳಿಯ ಬೂದಿ ಆರಿದ ಮೇಲಿನ ಒಂದು ಮುಂಜಾನೆ ಅಕ್ಕ ಹಿತ್ತಿಲಿನಿಂದ ಕರೆದಳು. ಕರೆದದ್ದು ಅವ್ವನನ್ನಲ್ಲ, ನನ್ನನ್ನೂ ಅಲ್ಲ. ಗೋಡೆಯ ಕಡೆ ಮುಖ ಮಾಡಿ, “ಹುಸೇನವ್ವಾ, ಬಾ ಇಲ್ಲೆ, ನೋಡು ಬಾ,” ಎಂದಳು. ಹುಸೇನಬಿ ಓಡಿ ಬಂದಳು, ಅವ್ವ ಹಿಟ್ಟಿನ ಕೈಯಲ್ಲಿ ಬಂದಳು, ಇಬ್ಬರೂ ಗಿಡದ ಮೇಲೆ ಬಾಗಿದಾಗ ತಲೆಗೆ ತಲೆ ತಾಗಿತು. ಹೊಸ ಕುಡಿಗಳ ತುದಿಯಲ್ಲೆಲ್ಲ ನುಚ್ಚಕ್ಕಿಯ ಹಾಗೆ ಮೊಗ್ಗು.

ಮಲ್ಲಿಗೆ ಚಳಿಯಲ್ಲಿ ಬೋಳಾಗಿ, ಹಸಿದು, ಸುಮ್ಮನಿರಬೇಕಂತೆ. ಎಲೆ ಕಿತ್ತು ತುದಿ ಕತ್ತರಿಸಿದರೆ ಬಿಸಿಲು ಏರುತ್ತಲೇ ಮೈಯೆಲ್ಲ ಮೊಗ್ಗಾಗುತ್ತದಂತೆ. ಇದನ್ನು ನಾನು ಬಹಳ ವರ್ಷಗಳ ಮೇಲೆ ಕೇಳಿ ತಿಳಿದೆ. ನಾವು ಅದಕ್ಕೆ ಬಾಣಂತನ ಮಾಡಿ ಮಲಗಗೊಡಲಿಲ್ಲ, ಶಹಜಾದಿ ಬಂದು ಮಲಗಿಸಿ ಹೋದಳು. ಹಾಗೆಂದು ಅವ್ವನ ಬಾಣಂತನ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಆ ಕೌದಿಯನ್ನು ಸರಿಸಿ ನೋಡಲೆಂದೇ ಅಲ್ಲವೇ ಅಕ್ಕ ದಿನವೂ ಎಲ್ಲರಿಗಿಂತ ಮೊದಲು ಏಳುತ್ತಿದ್ದದ್ದು?

ಒಂಬತ್ತರಲ್ಲಿ ಕುಬಸವಾಯಿತು. ಅವ್ವನ ಸೀರೆಗೇ ಹಸಿರು ಬಣ್ಣ ಹಾಕಿಸಿದರು. ಬಣ್ಣ ಸರಿಯಾಗಿ ಕೂಡದೆ ಅದು ಕೆಲವು ಕಡೆ ಗಿಳಿಯಂತೆಯೂ ಕೆಲವು ಕಡೆ ಪಾಚಿಯಂತೆಯೂ ಇತ್ತು. ಮೊಗ್ಗು ಬಿಡಿಸಿ, ನೆನೆಸಿದ ಬಾಳೆನಾರಿನಲ್ಲಿ ಕಟ್ಟಿದರು. ಮೊಗ್ಗಿನ ಜಡೆಗೆ ಸಾಲುವಷ್ಟಿರಲಿಲ್ಲ. ಆದರೆ ಹತ್ತು ಮುತ್ತೈದೆಯರ ಮುಂದೆ ತವರಿನ ಹೂವು ಕಡಿಮೆಯಾಯಿತು ಎನ್ನಲಿಕ್ಕಾಗುತ್ತದೆಯೇ? ಅವ್ವ ನನ್ನನ್ನು ಕರೆದು, ನನ್ನ ಗೇಣುದ್ದದ ತೋಳಿನಿಂದ ಮಾಲೆಯನ್ನು ಅಳೆಸಿದಳು. ನನ್ನ ಮೊಳದಲ್ಲಿ ಅದು ಬಹಳ ಮೊಳವಾಯಿತು. ನನ್ನ ಮೈಯ ಯಾವುದಾದರೂ ಭಾಗ ಮನೆತನದ ಮಾನ ಕಾಯುವ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಹೂ ಮುಡಿಸುವ ಹೊತ್ತು. ಹಿರಿಯ ಮುತ್ತೈದೆಯರು ಮುಂದೆ ಸರಿದರು. ಹುಸೇನಬಿ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು. ಸಂಕ್ರಾಂತಿಯಿಂದ ಅವಳ ಜೊತೆ ಒಂದು ಮಾತೂ ಆಡದಿದ್ದ ಅವ್ವ ತಟ್ಟೆಯನ್ನು ಹಿಡಿದು ಎದ್ದಳು. ಎಲ್ಲರನ್ನೂ ದಾಟಿ ಬಾಗಿಲಿಗೆ ಹೋದಳು.

“ಮೊದಲ ನೀ ಮುಡಸು ಬಾ,” ಎಂದಳು. “ನಿಮ್ಮಾಕಿ ತಿಂದದ್ದಕ್ಕ ಇದು ಬಂದೈತಿ.”

ಹುಸೇನಬಿ ಬೇಡ ಬೇಡ ಎನ್ನುತ್ತಲೇ ಬಂದಳು. ಅವಳ ಕೈಯಿಂದ ಮಾಲೆ ಎರಡು ಸಲ ಜಾರಿತು. ಮೂರನೆಯ ಸಲ ಅಕ್ಕನೇ ಅವಳ ಕೈ ಹಿಡಿದು ತನ್ನ ಹೆರಳಿಗೆ ಏರಿಸಿಕೊಂಡಳು. ಮನೆಯೆಲ್ಲ ಮಲ್ಲಿಗೆಯ ವಾಸನೆ. ಅಕ್ಕ ತಲೆಯನ್ನು ಸ್ವಲ್ಪವೂ ಅಲುಗಿಸದೆ, ಹೂವು ಬಿದ್ದೀತೆಂದು ಹೆದರಿ, ನೆಟ್ಟಗೆ ಕುಳಿತಿದ್ದಳು. ಸಂಜೆ ಎಲ್ಲರೂ ಹೋದ ಮೇಲೆ ಮಾಲೆಯ ತುದಿಯ ಒಂದು ತುಂಡನ್ನು ಬಿಡಿಸಿಕೊಂಡು ಹೋಗಿ ಶಹಜಾದಿಯ ಕೊರಳಿಗೆ ಕಟ್ಟಿದಳು. ಶಹಜಾದಿ ಕತ್ತು ತಿರುಗಿಸಿ ಅದನ್ನೂ ತಿಂದಳು.

ಯುಗಾದಿಯ ಬೇವು ಬೆಲ್ಲ ಹಂಚಿಕೊಂಡ ಕೆಲವು ದಿನಗಳಿಗೆ ಕೂಸು ಹುಟ್ಟಿತು. ಹೆಣ್ಣು. ನಾನು, ಅಪ್ಪ, ಮಾವ ಮೂವರೂ ಪಡಸಾಲೆಯಲ್ಲಿ ಕಿವಿಗೊಟ್ಟು ನಿಂತಿದ್ದೆವು. ಈ ಸಲ ಅದು ಅತ್ತಿತು. ಎಂಥ ಅಳುವೆಂದರೆ, ಗೋಡೆಯಾಚೆಯಿಂದ ಶಹಜಾದಿ ಉತ್ತರ ಕೊಟ್ಟಳು. ಅಪ್ಪ ರುಮಾಲಿನಿಂದ ಮುಖ ಮುಚ್ಚಿಕೊಂಡು ಎತ್ತುಗಳ ಹತ್ತಿರ ಹೋದ.

ಹೊರಗೆ ಬೇಸಿಗೆಯಾದರೇನು, ಬಾಣಂತಿಯ ಕೋಣೆಯಲ್ಲಿ ಯಾವಾಗಲೂ ಮಾಗಿಯೇ. ಅಗ್ಗಿಷ್ಟಿಗೆ, ಲೋಬಾನ, ಅಜಿವಾನ, ಬೆಳ್ಳುಳ್ಳಿ ಸಿಪ್ಪೆ, ಅವ್ವನ ಸರಂಜಾಮೆಲ್ಲ ಹಿತ್ತಿಲಿನಿಂದ ಒಳಗೆ ಬಂತು. ಎರೆದು ತಂದ ಕೂಸನ್ನು ಅವ್ವ ಈ ಕೌದಿಯಲ್ಲೇ ನೆತ್ತಿಯಿಂದ ಪಾದದ ತನಕ ಸುತ್ತಿ ಅಕ್ಕನ ಮಗ್ಗುಲಲ್ಲಿ ಮಲಗಿಸಿದಳು. ಆಗ ಅವಳಿಗೆ ತೂತು ಕಂಡಿತು. ಗಾಳಿ ಹೋದೀತೆಂದು ಗಾಬರಿಯಾಗಿ, ಸೂಜಿಗೆ ದಾರ ಪೋಣಿಸಿ, ತೇಪೆಗೆ ಒಂದು ಅರಿವೆಯ ತುಂಡು ಹುಡುಕಿಕೊಂಡು ಬಂದಳು.

ಅಕ್ಕ ಆ ತೂತಿನ ಮೇಲೆ ತನ್ನ ಅಂಗೈ ಇಟ್ಟಳು.

“ಬಿಡವ್ವ,” ಎಂದಳು. “ಉಸಿರಾಡಾಕ ಒಂದು ಜಾಗಾ ಇರಲಿ.”

ಅವಳು ಕೈ ತೆಗೆದಾಗ ತೂತಿನಿಂದ ಒಂದು ಕೆಂಪು ಮುಷ್ಟಿ ಹೊರಗೆ ಬಂದಿತ್ತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೂಜಿಯನ್ನು ತಿರುಗಿ ದಾರದ ಉಂಡೆಗೆ ಚುಚ್ಚಿಟ್ಟು, ಅಗ್ಗಿಷ್ಟಿಗೆಯನ್ನು ಕಾಲಿನಿಂದ ಸ್ವಲ್ಪ ದೂರ ಸರಿಸಿದಳು.